ಕಣ್ಣು ಸರಿ ಇದೆ, ಆದರೂ ಏನೂ ಕಾಣುತ್ತಿಲ್ಲ

ತುಂಬು ಗರ್ಭಿಣಿಗೆ ಜೋರು ತಲೆನೋವು. ಸ್ವಲ್ಪ ಹೊತ್ತಿಗೆ ಕಣ್ಣು ಮಂಜಾಗಿ, ಪೂರ್ತಿ ಕತ್ತಲಾಗುತ್ತದೆ. ಆಮೇಲೆ ಫಿಟ್ಸ್. ಬಿ.ಪಿ. ವಿಪರೀತ ಏರಿರುತ್ತದೆ. ಕಣ್ಣು ಪರೀಕ್ಷಿಸಿದರೆ ಅಲ್ಲಿ ದೋಷವೇ ಸಿಗದಿರಬಹುದು. ಏಕೆಂದರೆ ತೊಂದರೆ ಇರುವುದು ಮಿದುಳಿನ ಹಿಂಭಾಗದಲ್ಲಿ, ಕಣ್ಣು ಕಳಿಸಿದ್ದನ್ನು ನೋಟವಾಗಿಸುವ ಜಾಗದಲ್ಲಿ.

ಇದು ಪೋಸ್ಟೀರಿಯರ್ ರಿವರ್ಸಿಬಲ್ ಎನ್ಸೆಫಲೋಪತಿ ಸಿಂಡ್ರೋಮ್, ಅಂದರೆ ಮಿದುಳಿನ ಹಿಂಭಾಗದಲ್ಲಿ ಬರುವ, ಮತ್ತೆ ಸರಿಹೋಗಬಲ್ಲ ತೊಂದರೆ. ಚಿಕ್ಕದಾಗಿ 'ಪ್ರೆಸ್'. 1996ರಲ್ಲಿ ಜೂಡಿ ಹಿಂಚಿ ಮತ್ತು ಸಂಗಡಿಗರು ಇಂಥ 15 ರೋಗಿಗಳ ವಿವರ ಪ್ರಕಟಿಸಿದ ಮೇಲೆ ವೈದ್ಯಲೋಕ ಇದನ್ನು ಗುರುತಿಸತೊಡಗಿತು.

ಬಿ.ಪಿ. ಏರಿದಾಗ ಮಿದುಳಿನ ಸಣ್ಣ ರಕ್ತನಾಳಗಳು ಬಿಗಿಯಾಗಿ ಒತ್ತಡವನ್ನು ತಡೆಯುತ್ತವೆ. ಅದಕ್ಕೂ ಒಂದು ಮಿತಿಯಿದೆ. ಮಿತಿ ದಾಟಿದರೆ ನಾಳಗಳು ಹಿಗ್ಗಿ, ನೀರಿನಂಶ ಹೊರಗೆ ಜಿನುಗುತ್ತದೆ. ನಾಳಗಳನ್ನು ಬಿಗಿಗೊಳಿಸುವ ನರಗಳು ಹಿಂಭಾಗದಲ್ಲಿ ಕಡಿಮೆ. ಮೊದಲು ಅಲ್ಲೇ ಊತ ಬರುವುದಕ್ಕೆ ಇದೇ ಕಾರಣ ಎಂದು ಹೇಳುತ್ತಾರೆ.

ಆದರೆ ಬಿ.ಪಿ. ಒಂದನ್ನೇ ನೋಡುತ್ತಾ ಕೂತರೆ ಕೆಲವರ ಕಾಯಿಲೆ ಕೈತಪ್ಪಿ ಹೋಗುತ್ತದೆ. ಕಿಡ್ನಿ ವೈಫಲ್ಯ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಅಂಗಗಳ ಮೇಲೆಯೇ ತಿರುಗಿಬೀಳುವ ಲೂಪಸ್, ರಕ್ತದ ತೀವ್ರ ಸೋಂಕು, ಕ್ಯಾನ್ಸರಿನ ಕೆಲವು ಔಷಧಿಗಳು, ಅಂಗ ಕಸಿ ಆದವರಿಗೆ ಕೊಡುವ ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಇವು ಕೂಡ ಪ್ರೆಸ್ ತರಬಲ್ಲವು. ಇಲ್ಲಿ ಏಟು ಬೀಳುವುದು ನಾಳದ ಒಳಪದರಕ್ಕೆ. ಬಿ.ಪಿ. ಸಹಜವಾಗಿದ್ದರೂ ಸೋರಿಕೆ ಆಗಬಹುದು.

ಸಿ.ಟಿ. ಸ್ಕ್ಯಾನಿನಲ್ಲಿ ಕೆಲವೊಮ್ಮೆ ಏನೂ ಕಾಣುವುದಿಲ್ಲ. ಎಂ.ಆರ್.ಐ. ಮಾಡಿದರೆ ಮಿದುಳಿನ ಹಿಂದೆ, ಸಾಮಾನ್ಯವಾಗಿ ಎರಡೂ ಕಡೆ, ಬಿಳಿ ಮಚ್ಚೆಗಳು. ಮುಂಭಾಗ, ಕಿರುಮಿದುಳು, ಮಿದುಳುಕಾಂಡದಲ್ಲೂ ಇರಬಹುದು. ಆದರೆ ಸ್ಟ್ರೋಕ್ ಆದರೂ ಬಿಳಿ ಕಾಣುತ್ತದೆ, ಅಲ್ವಾ? ಇಲ್ಲಿ ನೆರವಾಗುವುದು ನೀರಿನ ಓಡಾಟವನ್ನು ಅಳೆಯುವ 'ಡಿಫ್ಯೂಷನ್' ಚಿತ್ರ. ಸ್ಟ್ರೋಕಿನಲ್ಲಿ ಜೀವಕೋಶಗಳೇ ನೀರು ತುಂಬಿ ಊದಿಕೊಳ್ಳುತ್ತವೆ, ನೀರಿಗೆ ಅಲುಗಾಡಲು ಜಾಗ ಸಾಲದು. ಪ್ರೆಸ್‌ನಲ್ಲಿ ನೀರು ಕೋಶಗಳ ನಡುವೆ ನಿಂತಿರುತ್ತದೆ, ಸರಾಗವಾಗಿ ಚಲಿಸುತ್ತದೆ. ಅಂದರೆ ಅಲ್ಲಿನ ಕೋಶಗಳು ಬಹುಪಾಲು ಇನ್ನೂ ಬದುಕಿವೆ! ಒಬ್ಬರ ಕಣ್ಣು ಮರಳಿ ಬರುವ ಭರವಸೆ ಹೀಗೆ ಒಂದು ಚಿತ್ರದಲ್ಲಿ ಸಿಗುವುದು ನನಗೆ ಎಷ್ಟು ಸಲ ಓದಿದರೂ ಬೆರಗು.

ಚಿಕಿತ್ಸೆಯಲ್ಲಿ ಏರಿದ ಬಿ.ಪಿ.ಯನ್ನು ಇಳಿಸಬೇಕು. ಹಾಗಂತ ಒಂದೇ ಏಟಿಗೆ ಇಳಿಸುವಂತಿಲ್ಲ, ಮಿದುಳಿಗೆ ರಕ್ತವೇ ಸಾಲದಾಗುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಾತ್ರ ಇಳಿಸುತ್ತಾರೆ. ಔಷಧಿ ಕಾರಣವಾಗಿದ್ದರೆ ಅದನ್ನು ನಿಲ್ಲಿಸುತ್ತಾರೆ ಅಥವಾ ಬದಲಿಸುತ್ತಾರೆ. ಗರ್ಭಿಣಿಯ ಫಿಟ್ಸ್‌ಗೆ ಮೆಗ್ನೀಸಿಯಂ ಸಲ್ಫೇಟ್ ಕೊಟ್ಟು, ಹೆರಿಗೆ ಮಾಡಿಸುತ್ತಾರೆ.

ಹೆಚ್ಚಿನವರು ಕೆಲವು ದಿನ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಸ್ಕ್ಯಾನ್ ತಿಳಿಯಾಗಲು ಇನ್ನೂ ಜಾಸ್ತಿ ದಿನ ಹಿಡಿಯಬಹುದು. ಮಿದುಳಿನಲ್ಲಿ ರಕ್ತಸ್ರಾವ ಆದರೆ ಅಥವಾ ಚಿಕಿತ್ಸೆ ತಡವಾದರೆ ಶಾಶ್ವತ ಹಾನಿ, ಸಾವು ಕೂಡ ಸಂಭವಿಸಬಹುದು. ಹೆರಿಗೆಯಾದ ಮೇಲೂ ಕೆಲವು ವಾರ ಈ ಅಪಾಯ ಇರುತ್ತದೆ. ಬಾಣಂತಿ ತಲೆ ಸಿಡಿಯುತ್ತಿದೆ, ಕಣ್ಣು ಮಂಜು ಎಂದರೆ ನಿದ್ದೆ ಕೆಟ್ಟಿದ್ದಕ್ಕೆ ಎಂದು ಸುಮ್ನೆ ಬಿಡಬೇಡಿ. ಆಗಲೇ ಬಿ.ಪಿ. ನೋಡಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.