ಬೀಟ್‌ರೂಟ್ ಕುಡಿದರೆ ಎಷ್ಟು ದಿನಕ್ಕೆ ರಕ್ತ ಏರುತ್ತದೆ?

ಪ್ರಶ್ನೆ: ನನಗೆ 34 ವರ್ಷ. ಹಿಮೋಗ್ಲೋಬಿನ್ 9.4 ಬಂದಿದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬೀಟ್‌ರೂಟ್ ಜ್ಯೂಸ್ ಕುಡಿಯುತ್ತಿದ್ದೇನೆ. ಎಷ್ಟು ದಿನಕ್ಕೆ ರಕ್ತ ಏರುತ್ತದೆ? ದಾಳಿಂಬೆಯನ್ನೂ ಸೇರಿಸಬೇಕಾ?

ಉತ್ತರ: ಏರಲ್ಲ. ದಾಳಿಂಬೆ ಸೇರಿಸಿದರೂ ಏರಲ್ಲ.

ಸಿಟ್ಟಾಗಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಒಮ್ಮೆ ಬೀಟ್‌ರೂಟ್, ಒಮ್ಮೆ ದಾಳಿಂಬೆ, ಒಮ್ಮೆ ಟೊಮೆಟೊ, ಸೆಕೆ ಶುರುವಾದರೆ ಕಲ್ಲಂಗಡಿ. ಹಣ್ಣು ತರಕಾರಿ ಬದಲಾಗುತ್ತವೆ, ಬಣ್ಣ ಮಾತ್ರ ಅದೇ. ಹಸಿರು ಬಟಾಣಿ ತಿಂದರೆ ರಕ್ತ ಏರುತ್ತಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಖುಷಿಪಡುತ್ತಿದ್ದೆ. ಯಾಕೆಂದರೆ ಬಟಾಣಿಯಲ್ಲಿ ಬೀಟ್‌ರೂಟಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕಬ್ಬಿಣ ಇದೆ. ಪಾಪ, ಅದರ ಬಣ್ಣ ಸರಿ ಇಲ್ಲ.

ರಕ್ತ ಕೆಂಪಗಿರುವುದು ಹಿಮೋಗ್ಲೋಬಿನ್‌ನಿಂದ. ಅದರ ಒಳಗೆ ಕಬ್ಬಿಣ ಕೂತಿದೆ. ಅದೇ ಆಮ್ಲಜನಕವನ್ನು ಹಿಡಿದುಕೊಂಡು ಮೈಯೆಲ್ಲ ತಲುಪಿಸುತ್ತದೆ. ಬೀಟ್‌ರೂಟ್ ಕೆಂಪಗಿರುವುದು ಬೀಟಾನಿನ್ ಅನ್ನುವ ಬಣ್ಣದಿಂದ. ಆ ಬಣ್ಣದಲ್ಲಿ ಕಬ್ಬಿಣದ ಒಂದು ಕಣವೂ ಇಲ್ಲ. ಕಾರ್ಖಾನೆಗಳು ಐಸ್‌ಕ್ರೀಮಿಗೆ, ಮಿಠಾಯಿಗೆ ಹಾಕುವುದು ಇದೇ ಬಣ್ಣವನ್ನು. ಐಸ್‌ಕ್ರೀಮ್ ತಿಂದು ರಕ್ತ ಹೆಚ್ಚಿಸಿಕೊಳ್ಳಿ ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಆ ಕೆಂಪು ಎಲ್ಲಿಗೆ ಹೋಗುತ್ತದೆ ಅಂತ ಕೆಲವರು ಕಣ್ಣಾರೆ ನೋಡಿರುತ್ತಾರೆ. ಬೀಟ್‌ರೂಟ್ ತಿಂದ ಮೇಲೆ ಮೂತ್ರ ಗುಲಾಬಿ ಬಣ್ಣಕ್ಕೆ ತಿರುಗಿ, ಗಾಬರಿಯಿಂದ ಡಾಕ್ಟರ್ ಹತ್ತಿರ ಓಡಿರುತ್ತಾರೆ. ನೂರರಲ್ಲಿ 10ರಿಂದ 14 ಜನರಿಗೆ ಹೀಗಾಗುತ್ತದೆ. ತಮಾಷೆ ಏನೆಂದರೆ, ಕಬ್ಬಿಣ ಕಮ್ಮಿ ಇರುವವರಲ್ಲೇ ಇದು ಜಾಸ್ತಿ. ರಕ್ತಕ್ಕೆ ಸೇರಲಿ ಅಂತ ಕುಡಿದ ಕೆಂಪು, ಸೇರಬೇಕಾದವರಲ್ಲೇ ಬಚ್ಚಲಿಗೆ ಹೋಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಎಷ್ಟು ದಿನ ಅಂತ ಕೇಳಿದ್ದೀರಿ. ಲೆಕ್ಕ ಹಾಕಿಯೇಬಿಡೋಣ.

100 ಗ್ರಾಂ ಬೀಟ್‌ರೂಟಿನಲ್ಲಿ ಸುಮಾರು 0.8 ಮಿಲಿಗ್ರಾಂ ಕಬ್ಬಿಣ ಇದೆ. ಒಂದು ಲೋಟಕ್ಕೆ ಕಾಲು ಕಿಲೋ ಹಾಕುತ್ತೀರಿ ಅಂದುಕೊಳ್ಳೋಣ. 2 ಮಿಲಿಗ್ರಾಂ ಆಯಿತು. ಗಿಡದಿಂದ ಬಂದ ಕಬ್ಬಿಣವನ್ನು ಕರುಳು ಪೂರ್ತಿ ಹೀರುವುದಿಲ್ಲ. ಹತ್ತರಲ್ಲಿ ಒಂದು ಪಾಲು ಹೀರಿತು ಅಂತ ಇಟ್ಟುಕೊಂಡರೆ, ದಿನಕ್ಕೆ ಸಿಕ್ಕಿದ್ದು 0.2 ಮಿಲಿಗ್ರಾಂ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. ನಿಮ್ಮ 9.4 ಅಲ್ಲಿಗೆ ಮುಟ್ಟಬೇಕಾದರೆ ರಕ್ತಕ್ಕೇ ಸುಮಾರು 350 ಮಿಲಿಗ್ರಾಂ ಕಬ್ಬಿಣ ಸೇರಬೇಕು. ಭಾಗಿಸಿ ನೋಡಿ. 1,750 ದಿನ. ಹತ್ತಿರ ಹತ್ತಿರ ಐದು ವರ್ಷ. ಮೈಯಲ್ಲಿ ಕಬ್ಬಿಣ ಕಮ್ಮಿಯಾದಾಗ ಕರುಳು ಇನ್ನಷ್ಟು ಹೀರುತ್ತದೆ, ನಿಜ. ಎರಡು ಪಟ್ಟು ಹೀರಿದರೂ ಎರಡೂವರೆ ವರ್ಷ ಬೇಕು, ಮತ್ತು ಅಷ್ಟು ದಿನ ಮೈಯಿಂದ ಒಂದು ಹನಿ ರಕ್ತವೂ ಹೋಗಬಾರದು.

ದಾಳಿಂಬೆಯದ್ದು ಇನ್ನೂ ಕಷ್ಟ. 100 ಗ್ರಾಂ ಕಾಳಿಗೆ 0.3 ಮಿಲಿಗ್ರಾಂ. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ದಿನಕ್ಕೆ ಹೆಚ್ಚುಕಮ್ಮಿ 18 ಮಿಲಿಗ್ರಾಂ ಬೇಕು. ಬರೀ ದಾಳಿಂಬೆಯಿಂದ ಬರಬೇಕಾದರೆ ದಿನಕ್ಕೆ ಆರು ಕಿಲೋ ಕಾಳು. ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ.

ಇಷ್ಟು ಖಾರವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನೂ ಈ ಜ್ಯೂಸ್ ಕುಡಿದವಳೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನನ್ನದು 9.1 ಇತ್ತು. ಅಮ್ಮ ಎರಡು ತಿಂಗಳು ಬಿಡದೆ ಕುಡಿಸಿದಳು. ಲೋಟದ ಅಂಚಿಗೆ ಗುಲಾಬಿ ಬಣ್ಣದ ಉಂಗುರ ಕೂತು ಉಜ್ಜಿದರೂ ಹೋಗುತ್ತಿರಲಿಲ್ಲ. ಕುಡಿದ ಕೂಡಲೇ ನನ್ನ ತುಟಿ ನೋಡಿ "ನೋಡು, ಆಗಲೇ ಎಷ್ಟು ಕೆಂಪಾಗಿದೀಯ" ಅನ್ನುತ್ತಿದ್ದಳು. ಎರಡು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದರೆ 9.0. ಲ್ಯಾಬಿನವರೇ ತಪ್ಪು ಬರೆದಿದ್ದಾರೆ ಅಂದಳು ಅಮ್ಮ.

ಬಣ್ಣ, ಆಕಾರ ನೋಡಿ ಔಷಧಿ ಹುಡುಕುವ ಅಭ್ಯಾಸ ಬಹಳ ಹಳೆಯದು. ಯುರೋಪಿನಲ್ಲಿ 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಅನ್ನುವ ವೈದ್ಯ ಇದನ್ನೇ ಹೇಳುತ್ತಿದ್ದ: ಗಿಡ ಯಾವ ಅಂಗದ ಹಾಗೆ ಕಾಣುತ್ತದೋ ಆ ಅಂಗಕ್ಕೆ ಒಳ್ಳೆಯದು. ಅಕ್ರೋಟ ಮಿದುಳಿನ ಹಾಗಿದೆ, ಹಾಗಾಗಿ ಮಿದುಳಿಗೆ. ಆತ ಹೋಗಿ ಐನೂರು ವರ್ಷ ಹತ್ತಿರವಾಯಿತು. ನಮ್ಮ ಜ್ಯೂಸರ್ ಇನ್ನೂ ನಿಂತಿಲ್ಲ.

"ನಮ್ಮ ಅತ್ತಿಗೆಗೆ ಬೀಟ್‌ರೂಟಿನಿಂದಲೇ ಏರಿತು" ಅಂತ ಈಗ ಯಾರಾದರೂ ಹೇಳುತ್ತೀರಿ, ಗೊತ್ತು. ಸ್ವಲ್ಪ ಕೆದಕಿ ಕೇಳಿ. ಜ್ಯೂಸಿನ ಜೊತೆ ಡಾಕ್ಟರ್ ಬರೆದುಕೊಟ್ಟ ಐರನ್ ಮಾತ್ರೆಯನ್ನೂ ನುಂಗಿರುತ್ತಾರೆ. ಕೆಲಸ ಮಾಡಿದ್ದು ಮಾತ್ರೆ, ಹೆಸರು ಬಂದದ್ದು ಜ್ಯೂಸಿಗೆ.

ಬೀಟ್‌ರೂಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಫೋಲೇಟ್ ಚೆನ್ನಾಗಿದೆ, ರಕ್ತಕಣ ತಯಾರಾಗಲು ಅದೂ ಬೇಕು. ನಾರಿನಂಶ ಇದೆ, ಜ್ಯೂಸ್ ಸೋಸಿ ನೀವೇ ಅದನ್ನು ಚೆಲ್ಲುತ್ತೀರಿ. ಪಲ್ಯ ಮಾಡಿ ತಿನ್ನಿ, ರುಚಿಯಾಗಿರುತ್ತದೆ. ಕಬ್ಬಿಣಕ್ಕೆ ಬೇರೆ ಕಡೆ ನೋಡಿ. ಬೇಯಿಸಿದ ಮಸೂರ ಬೇಳೆಯಲ್ಲಿ 100 ಗ್ರಾಂಗೆ 3 ಮಿಲಿಗ್ರಾಂ ದಾಟುತ್ತದೆ. ಬೇಯಿಸಿದ ಕಾಬೂಲ್ ಕಡಲೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಕುಂಬಳದ ಬೀಜ, ಎಳ್ಳಿನಲ್ಲಿ ಇನ್ನೂ ಜಾಸ್ತಿ. ಮಾಂಸ ತಿನ್ನುವವರಿಗೆ ಅದರ ಕಬ್ಬಿಣ ಸುಲಭವಾಗಿ ಸೇರುತ್ತದೆ. ಕಾಳು ತಿನ್ನುವವರು ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ ಅಥವಾ ಜೊತೆಗೆ ಸೀಬೆಹಣ್ಣು ತಿನ್ನಿ. ವಿಟಮಿನ್ ಸಿ ಇದ್ದರೆ ಕರುಳು ಹೆಚ್ಚು ಹೀರುತ್ತದೆ. ಊಟದ ಜೊತೆ ಟೀ ಬೇಡ, ತಟ್ಟೆಯಲ್ಲಿದ್ದ ಕಬ್ಬಿಣದಲ್ಲಿ ಮೈಗೆ ಸೇರಬೇಕಾದ ಅರ್ಧಕ್ಕಿಂತ ಜಾಸ್ತಿಯನ್ನು ಅದು ತಡೆಯಬಲ್ಲದು. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇನ್ನೊಂದು: ಹಾಲು ಒಳ್ಳೆಯದು ಅಂತ ಒಂದು ಲೀಟರ್ ಕುಡಿಸಬೇಡಿ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಹೊಟ್ಟೆ ತುಂಬಿದ ಮಗು ಊಟವನ್ನೂ ಮುಟ್ಟುವುದಿಲ್ಲ.

ಆದರೆ 9.4ಕ್ಕೆ ಊಟ ಒಂದೇ ಸಾಲದು. ಡಾಕ್ಟರನ್ನು ನೋಡಿ, ಫೆರಿಟಿನ್ ಪರೀಕ್ಷೆ ಮಾಡಿಸಿ. ಮೈಯ ಉಗ್ರಾಣದಲ್ಲಿ ಎಷ್ಟು ಕಬ್ಬಿಣ ಉಳಿದಿದೆ ಅಂತ ಅದು ತೋರಿಸುತ್ತದೆ. ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ. ಬಿ12 ಕಮ್ಮಿಯಾದರೂ ಬರುತ್ತದೆ, ಥಲಸ್ಸೀಮಿಯಾ ಅನ್ನುವ, ಹೆತ್ತವರಿಂದ ಹುಟ್ಟಿನಲ್ಲೇ ಬಂದ ಹಿಮೋಗ್ಲೋಬಿನ್ ದೋಷದಿಂದಲೂ ಇರಬಹುದು. ಹಾಗಾಗಿ ಪಕ್ಕದ ಮನೆಯವರ ಮಾತ್ರೆ ತಂದು ನುಂಗಬೇಡಿ. ನಿಮಗೇ ಬರೆದುಕೊಟ್ಟರೆ, ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಿಮೋಗ್ಲೋಬಿನ್ 12 ಆಯಿತು ಅಂತ ಅವತ್ತೇ ನಿಲ್ಲಿಸಬೇಡಿ, ಉಗ್ರಾಣ ತುಂಬಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಬೇಕು. ಮಾತ್ರೆ ಮಕ್ಕಳ ಕೈಗೆ ಸಿಗಬಾರದು. ಮಿಠಾಯಿ ಅಂತ ನಾಲ್ಕಾರು ನುಂಗಿದರೆ ಜೀವಕ್ಕೇ ಅಪಾಯ.

ಕಬ್ಬಿಣ ಹೋಗುತ್ತಿರುವುದು ಎಲ್ಲಿಂದ ಅಂತಲೂ ಡಾಕ್ಟರಿಗೆ ಕೇಳಿ. ನನಗೆ ಬಂದ ಪತ್ರಗಳಲ್ಲಿ ಈ ಪ್ರಶ್ನೆ ಇರುವುದೇ ಇಲ್ಲ. ಒಂದು ಮಿಲಿಲೀಟರ್ ರಕ್ತದ ಜೊತೆ ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಮುಟ್ಟಿನಲ್ಲಿ 80 ಮಿಲಿಲೀಟರ್ ಹೋದರೆ ತಿಂಗಳಿಗೆ 40 ಮಿಲಿಗ್ರಾಂ ಖರ್ಚು. ನಿಮ್ಮ ಜ್ಯೂಸಿನ ತಿಂಗಳ ಜಮೆ 6. ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುತ್ತಾ "ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ" ಅಂತ ಸುಮ್ನೆ ಇದ್ದರೆ ಯಾವ ತರಕಾರಿಯೂ ಕಾಪಾಡುವುದಿಲ್ಲ. ಗಂಡಸರಿಗೆ ಅಥವಾ ಮುಟ್ಟು ನಿಂತವರಿಗೆ ರಕ್ತ ಕಮ್ಮಿಯಾದರೆ ಇನ್ನೂ ಬೇಗ ತೋರಿಸಬೇಕು. ಹೊಟ್ಟೆಯಲ್ಲೋ ಕರುಳಲ್ಲೋ ಕಾಣದ ಹಾಗೆ ರಕ್ತ ಸೋರುತ್ತಿರಬಹುದು.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಐಸ್ ತುಂಡನ್ನು ಕರಕರ ಅಗಿಯುವವರು ಇದ್ದಾರಾ? ಸೆಕೆಗೆ ಒಂದೆರಡು ಅಲ್ಲ, ದಿನಾ, ಬೇಕೇ ಬೇಕು ಅನ್ನುವ ಹಾಗೆ? ಕಬ್ಬಿಣ ಕಮ್ಮಿಯಾದ ಕೆಲವರಿಗೆ ಈ ಚಟ ಹತ್ತುತ್ತದೆ. ಕೆಲವರಿಗೆ ಮಣ್ಣು, ಸೀಮೆಸುಣ್ಣ ತಿನ್ನುವ ಆಸೆ. ಬೈದರೆ ಹೋಗಲ್ಲ, ಪರೀಕ್ಷೆ ಮಾಡಿಸಬೇಕು. ಕಬ್ಬಿಣ ಕೊಟ್ಟರೆ ಎಷ್ಟೋ ಸಲ ಹಿಮೋಗ್ಲೋಬಿನ್ ಏರುವ ಮೊದಲೇ ಆಸೆ ಹೋಗುತ್ತದೆ.

ನನಗೂ ಆ ದಿನಗಳಲ್ಲಿ ಅದೇ ಆಗಿತ್ತು. ರಾತ್ರಿ ಎದ್ದು ಐಸ್ ಟ್ರೇ ಖಾಲಿ ಮಾಡಿ, ನೀರು ತುಂಬಿಸಿ ಸದ್ದಿಲ್ಲದೆ ಇಡುತ್ತಿದ್ದೆ. ಬೆಳಿಗ್ಗೆ ಫ್ರೀಜರ್ ತೆಗೆದರೆ ಟ್ರೇಯಲ್ಲಿ ಬರೀ ನೀರು. ಮಾತ್ರೆ ಶುರುವಾದ ಎರಡನೇ ವಾರ ಟ್ರೇ ತುಂಬಾ ಐಸ್ ನೋಡಿದ ಅಮ್ಮ, ಅಂತೂ ಫ್ರಿಜ್ ತಾನಾಗಿಯೇ ರಿಪೇರಿಯಾಯಿತು ಅಂತ ಅಪ್ಪನಿಗೆ ಹೇಳುತ್ತಿದ್ದಳು.