ಕೊಕ್ಕು ನೋಡಿ ನೆಂಟಸ್ತನ ಹೇಳೋಕಾಗಲ್ಲ

ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ವರ್ಷಕ್ಕೊಂದ್ಸಲ ಆದ್ರೂ ಈ ವಿಡಿಯೋ ಬಂದೇ ಬರುತ್ತೆ. ಬಾಲ್ಕನಿಯ ದಾಸವಾಳದ ಮುಂದೆ ಒಂದು ಪುಟಾಣಿ ಹಕ್ಕಿ ಪಟಪಟ ರೆಕ್ಕೆ ಬಡೀತಾ, ಬಾಗಿದ ಕೊಕ್ಕನ್ನ ಹೂವೊಳಗೆ ಇಳಿಸ್ತಿರುತ್ತೆ, ಕೆಳಗೆ "ನಮ್ಮನೆಗೆ ಹಮ್ಮಿಂಗ್‌ಬರ್ಡ್ ಬಂದಿದೆ ನೋಡಿ" ಅಂತ. ಅದು ಹಮ್ಮಿಂಗ್‌ಬರ್ಡ್ ಅಲ್ಲ, ಸೂರಕ್ಕಿ. ಭಾರತದ ಯಾವ ಕಾಡಲ್ಲೂ ಹಮ್ಮಿಂಗ್‌ಬರ್ಡ್ ಇಲ್ಲ, ಇವತ್ತು ಅವು ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ (ಜರ್ಮನಿಯಲ್ಲಿ ಸುಮಾರು 3 ಕೋಟಿ ವರ್ಷ ಹಳೇ ಹಮ್ಮಿಂಗ್‌ಬರ್ಡ್ ಪಳೆಯುಳಿಕೆ ಸಿಕ್ಕಿದೆ, ಅದೇ ಬೇರೆ ದೊಡ್ಡ ಕತೆ). ತಿದ್ದೋಕೆ ಹೋದ್ರೆ "ಎರಡೂ ಒಂದೇ ಕಣ್ರೀ, ಅಲ್ಲಿ ಆ ಹೆಸರು ಇಲ್ಲಿ ಈ ಹೆಸರು" ಅಂತ ಉತ್ತರ ಬರುತ್ತೆ. ನನಗೆ ತಡಿಯೋಕಾಗದೇ ಇರೋದು ಈ ಎರಡನೇ ಮಾತು. ಹಮ್ಮಿಂಗ್‌ಬರ್ಡ್‌ನ ಹತ್ತಿರದ ನೆಂಟ ಹಳೇ ಕಟ್ಟಡಗಳ ಸೂರಲ್ಲಿ ಗೂಡು ಕಟ್ಟೋ ಸ್ವಿಫ್ಟ್. ಸೂರಕ್ಕಿ ಹಾಡುಹಕ್ಕಿಗಳ ಗುಂಪಿಗೆ ಸೇರಿದ್ದು, ಅದಕ್ಕೆ ಹಮ್ಮಿಂಗ್‌ಬರ್ಡ್‌ಗಿಂತ ನಮ್ಮ ಕಾಗೆ ಹತ್ತಿರದ ಸಂಬಂಧಿ. ಹೌದು, ಕಾಗೆ ಕೂಡ ಹಾಡುಹಕ್ಕಿಗಳ ಗುಂಪೇ.

ಜನ ತಪ್ಪು ಮಾಡ್ತಾರೆ ಅನ್ನೋದು ದೊಡ್ಡ ವಿಷಯ ಅಲ್ಲ. ಇದೇ ತಪ್ಪನ್ನ ಪ್ರಪಂಚದ ಅತಿ ದೊಡ್ಡ ಪಕ್ಷಿತಜ್ಞರೆಲ್ಲಾ ಸೇರಿ 200 ವರ್ಷಕ್ಕೂ ಜಾಸ್ತಿ ಕಾಲ ಮಾಡಿದ್ರು, ಒಬ್ಬರಿಗೂ ಅನುಮಾನ ಬರಲಿಲ್ಲ, ಅದೂ ದ್ವೀಪದ ಕಾಡಿನ ಹಕ್ಕಿಗಳ ವಿಷಯದಲ್ಲಿ. ಆ ಕತೆ ಹೇಳ್ಬೇಕು.

ಹವಾಯಿಯಲ್ಲಿ ಓ-ಓ ಅಂತ ಒಂದು ಹಕ್ಕಿ ಇತ್ತು. ಕಪ್ಪು ಮೈ, ರೆಕ್ಕೆ ಬುಡದಲ್ಲಿ ಹಳದಿ ಪುಕ್ಕದ ಕುಚ್ಚು, ಮಕರಂದ ಹೀರೋಕೆ ಬಾಗಿದ ಕೊಕ್ಕು, ತುದಿ ಕುಂಚದ ಥರ ಸೀಳಿದ ನಾಲಿಗೆ. ಅಲ್ಲಿನ ರಾಜಮನೆತನದವರ ಮೇಲುಹೊದಿಕೆಗೆ ಈ ಹಳದಿ ಪುಕ್ಕಗಳನ್ನ ನೇಯ್ತಾ ಇದ್ರು. ಕ್ಯಾಪ್ಟನ್ ಕುಕ್ ತನ್ನ ಮೂರನೇ ಯಾನದಲ್ಲಿ 1778ರಲ್ಲಿ ಹವಾಯಿ ಮುಟ್ಟಿದ, 1779ರಲ್ಲಿ ಅಲ್ಲೇ ಸತ್ತ, ಆದ್ರೆ ಹಡಗುಗಳು ವಾಪಸ್ ಹೋಗುವಾಗ ಹಕ್ಕಿ ಚರ್ಮ, ಪುಕ್ಕ ಎಲ್ಲಾ ಯುರೋಪಿಗೆ ಹೋದ್ವು. ಆಮೇಲೆ ಇದನ್ನ ನೋಡಿದ ತಜ್ಞರಿಗೆ ಉತ್ತರ ಸುಲಭ ಅನ್ನಿಸ್ತು. ಆಸ್ಟ್ರೇಲಿಯಾ, ನ್ಯೂಗಿನಿ ಕಡೆ ಹನಿಈಟರ್ ಅಂತ ಒಂದು ಕುಟುಂಬ ಇದೆ, ಅದೇ ಥರ ಕೊಕ್ಕು, ಅದೇ ಥರ ನಾಲಿಗೆ, ಅದೇ ಪೆಸಿಫಿಕ್ ಸಾಗರ. ಓ-ಓ ಕೂಡ ಹನಿಈಟರ್ ಅಂತ ಬರೆದ್ರು. ಮುಗೀತು.

2008ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಫ್ಲೈಶರ್, ಜೇಮ್ಸ್, ಓಲ್ಸನ್ ಮೂರೂ ಜನ ಮ್ಯೂಸಿಯಂ ಡ್ರಾಯರ್‌ಗಳಲ್ಲಿ ಒಣಗಿ ಕೂತಿದ್ದ ಹಳೇ ಓ-ಓ ಹಕ್ಕಿಗಳಿಂದ ಡಿಎನ್‌ಎ ತೆಗೆದ್ರು. ಬಂದ ಉತ್ತರ ಯಾರೂ ಕನಸಲ್ಲೂ ಅಂದುಕೊಂಡಿರಲಿಲ್ಲ. ಹನಿಈಟರ್‌ಗಳಿಗೂ ಇದಕ್ಕೂ ಹತ್ತಿರದ ಸಂಬಂಧವೇ ಇಲ್ಲ! ಇದರ ನೆಂಟರು ಉತ್ತರ ಗೋಳಾರ್ಧದ ಚಳಿ ಕಾಡುಗಳಲ್ಲಿ ಹಣ್ಣು ತಿಂದ್ಕೊಂಡಿರೋ ವ್ಯಾಕ್ಸ್‌ವಿಂಗ್‌ಗಳು, ಮಧ್ಯ ಅಮೆರಿಕದ ಸಿಲ್ಕಿ ಫ್ಲೈಕ್ಯಾಚರ್‌ಗಳು, ಹಿಸ್ಪಾನಿಯೋಲಾ ದ್ವೀಪದ ಪಾಮ್‌ಚಾಟ್. ಇವು ಬೇರೆಯಾಗಿದ್ದು 1.4ರಿಂದ 1.7 ಕೋಟಿ ವರ್ಷದ ಹಿಂದೆ. ಈಗಿನ ಕೌವಾಯಿ ದ್ವೀಪದ ವಯಸ್ಸೇ ಸುಮಾರು 50 ಲಕ್ಷ ವರ್ಷ, ಅಂದ್ರೆ ಈ ಹಕ್ಕಿಯ ಪೂರ್ವಜರು ಹವಾಯಿಗೆ ಬಂದ ಕಾಲದಲ್ಲಿ ಇದ್ದ ದ್ವೀಪಗಳು ಬೇರೆಯೇ, ಅವು ಸವೆದು ಹೋಗಿವೆ, ಹಕ್ಕಿ ಮಾತ್ರ ಹೊಸ ದ್ವೀಪ ಎದ್ದ ಹಾಗೆಲ್ಲಾ ಮುಂದಕ್ಕೆ ಹಾರಿ ಬಂದಿರ್ಬೇಕು. ಓ-ಓ ಮತ್ತೆ ಅದರ ಬಳಗಕ್ಕೆ ಮೊಹೊಯಿಡೇ ಅಂತ ಹೊಸ ಕುಟುಂಬವನ್ನೇ ಮಾಡ್ಬೇಕಾಯ್ತು. ಆದ್ರೆ ಆ ಕುಟುಂಬದ ಐದೂ ಪ್ರಭೇದಗಳು ಅಷ್ಟೊತ್ತಿಗೆ ಅಳಿದಿದ್ವು, ಕೊನೆಯದಾಗಿ ಕೌವಾಯಿ ಓ-ಓ ದನಿ ಕೇಳಿದ್ದು 1987ರಲ್ಲಿ. ಒಂದು ಪೂರ್ತಿ ಕುಟುಂಬ ಭೂಮಿ ಮೇಲಿತ್ತು ಅಂತ ನಮಗೆ ಗೊತ್ತಾಗಿದ್ದೇ ಅದು ಹೋದ ಮೇಲೆ. ಇದನ್ನ ಎಷ್ಟು ಸಲ ಓದಿದ್ರೂ ನನಗೆ ಹೊಟ್ಟೇಲಿ ಸಂಕಟ ಆಗುತ್ತೆ.

ಸರಿ, ಕಣ್ಣಿಗೆ ಕಾಣೋ ಕೊಕ್ಕು ನಾಲಿಗೆ ಬಿಟ್ಟು ಡಿಎನ್‌ಎ ಮಾತನ್ನ ಯಾಕೆ ನಂಬ್ಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ನನಗೆ ಇಡೀ ಜೀವವಿಜ್ಞಾನದಲ್ಲಿ ತುಂಬಾ ಇಷ್ಟ ಆಗೋ ಜಾಗ ಇದು.

ಹಳಗನ್ನಡ ಕಾವ್ಯಗಳ ಗ್ರಂಥಸಂಪಾದನೆ ಮಾಡೋರ ಮುಂದೆ ಒಂದೇ ಕಾವ್ಯದ ನಾಲ್ಕೈದು ಓಲೆಗರಿ ಪ್ರತಿ ಇರುತ್ತೆ ಅಂತಿಟ್ಕೊಳ್ಳಿ. ಯಾವ ಪ್ರತಿ ಯಾವುದರಿಂದ ಇಳಿದು ಬಂತು ಅಂತ ಕಂಡುಹಿಡೀಬೇಕು. ಸರಿಯಾಗಿರೋ ಪದ್ಯಗಳು ಇಲ್ಲಿ ಉಪಯೋಗಕ್ಕೆ ಬರಲ್ಲ, ಸರಿಯಾದ ಪಾಠ ಯಾವ ಪ್ರತಿಯಲ್ಲಿ ಬೇಕಾದ್ರೂ ಇರಬಹುದು. ತಪ್ಪುಗಳನ್ನ ನೋಡ್ಬೇಕು. ಯಾವನೋ ಒಬ್ಬ ಲಿಪಿಕಾರ ಯಾವತ್ತೋ ಒಂದು ಸಾಲು ಹಾರಿಸಿರ್ತಾನೆ, ಒಂದು ಒತ್ತಕ್ಷರ ಬಿಟ್ಟಿರ್ತಾನೆ. ಅವನ ಪ್ರತಿ ನೋಡ್ಕೊಂಡು ಬರೆದವರೆಲ್ಲಾ ಅದೇ ಸಾಲು ಬಿಟ್ಟಿರ್ತಾರೆ, ಅದೇ ಒತ್ತು ಬಿಟ್ಟಿರ್ತಾರೆ. ಎರಡು ಪ್ರತಿಯಲ್ಲಿ ಅರ್ಥವಿಲ್ಲದ ಅದೇ ಹದಿನೈದು ತಪ್ಪು ಅದೇ ಹದಿನೈದು ಜಾಗದಲ್ಲಿ ಇದ್ರೆ ಅವಕ್ಕೆ ಒಂದೇ ಮೂಲ. ಇನ್ನೊಂದು ಕಡೆ ಜಾಣ ಲಿಪಿಕಾರರೂ ಇರ್ತಾರೆ. ಕಂದಪದ್ಯದಲ್ಲಿ ಎಲ್ಲೋ ಮಾತ್ರೆ ಲೆಕ್ಕ ತಪ್ಪಿದೆ ಅಂತ ಗೊತ್ತಾದ ತಕ್ಷಣ ತಾವೇ ಒಂದು ಪದ ಬದಲಾಯಿಸಿ ಛಂದಸ್ಸಿಗೆ ಕೂರಿಸಿಬಿಡ್ತಾರೆ. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಇಬ್ಬರು ಜಾಣರು ಎರಡು ಊರಲ್ಲಿ ಕೂತು ಅದೇ ತಿದ್ದುಪಡಿ ಮಾಡಬಹುದು, ಯಾಕಂದ್ರೆ ಇಬ್ಬರ ಮೇಲೂ ಒತ್ತಡ ಹಾಕಿದ್ದು ಒಂದೇ ಛಂದಸ್ಸು. ಆ ತಿದ್ದುಪಡಿ ನೋಡಿ ಎರಡೂ ಪ್ರತಿ ಅಣ್ಣತಮ್ಮ ಅಂದ್ರೆ ಸಂಪಾದಕ ಮೋಸ ಹೋದ ಹಾಗೆ.

ಮಕರಂದ ಹೀರೋ ಕೊಕ್ಕು ಆ ಜಾಣ ತಿದ್ದುಪಡಿ. ಅಲ್ಲಿ ಛಂದಸ್ಸಿನ ಜಾಗದಲ್ಲಿ ಇರೋದು ಹೂವು. ಉದ್ದ ಕೊಳವೆ ಹೂವಿನ ತಳದಲ್ಲಿ ಸಿಹಿ ಇದ್ರೆ, ತಲೆಮಾರಿಂದ ತಲೆಮಾರಿಗೆ ಸ್ವಲ್ಪ ಉದ್ದ, ಸ್ವಲ್ಪ ಬಾಗಿದ ಕೊಕ್ಕಿನವು ಜಾಸ್ತಿ ಮರಿ ಬೆಳೆಸ್ತವೆ, ಅದು ಯಾರ ಮಕ್ಕಳೇ ಆಗಿರಲಿ. ಅಮೆರಿಕದಲ್ಲಿ ಹಮ್ಮಿಂಗ್‌ಬರ್ಡ್, ಆಫ್ರಿಕಾ ಏಷ್ಯಾದಲ್ಲಿ ಸೂರಕ್ಕಿ, ಆಸ್ಟ್ರೇಲಿಯಾದಲ್ಲಿ ಹನಿಈಟರ್, ಹವಾಯಿಯಲ್ಲಿ ಓ-ಓ, ಎಲ್ಲಾ ಬೇರೆ ಬೇರೆ ಮನೆಯವರು ಒಂದೇ ಉಪಾಯಕ್ಕೆ ಬಂದು ನಿಂತಿರೋದು. ಡಿಎನ್‌ಎಯಲ್ಲಿ ಆದ್ರೆ ಎ, ಟಿ, ಜಿ, ಸಿ ಅನ್ನೋ ನಾಲ್ಕು ಅಕ್ಷರಗಳಲ್ಲಿ ಆಗೋ ಬದಲಾವಣೆಗಳಲ್ಲಿ ಬಹಳಷ್ಟು ಹಕ್ಕಿಯ ಬದುಕಿಗೆ ಲಾಭವೂ ಅಲ್ಲ ನಷ್ಟವೂ ಅಲ್ಲ. ಜೀವಕೋಶ ಈ ಅಕ್ಷರಗಳನ್ನ ಮೂರು ಮೂರಾಗಿ ಓದುತ್ತೆ, ಆ ಮೂರಕ್ಷರದ ಪದದಲ್ಲಿ ಮೂರನೇ ಅಕ್ಷರ ಬದಲಾದ್ರೂ ಎಷ್ಟೋ ಸಲ ತಯಾರಾಗೋ ಪ್ರೋಟೀನ್ ಹಾಗೇ ಇರುತ್ತೆ. ಇವು ಲಿಪಿಕಾರನ ಕೈತಪ್ಪು. ಹೂವಿಗೆ ಇದರ ಮೇಲೆ ಅಧಿಕಾರ ಇಲ್ಲ. ಅದಕ್ಕೇ ಸಾವಿರಾರು ಜಾಗದಲ್ಲಿ ಒಂದೇ ಕೈತಪ್ಪು ಕಂಡ್ರೆ ನೆಂಟಸ್ತನ ಖಾತ್ರಿ. ಒಂದೇ ಜೀನ್ ನೋಡಿ ತೀರ್ಮಾನ ಮಾಡೋದು ಮಾತ್ರ ಅಪಾಯ, ಶಬ್ದ ಕೇಳಿ ದಾರಿ ಹುಡುಕೋ ಬಾವಲಿ ಮತ್ತೆ ಡಾಲ್ಫಿನ್‌ಗಳಲ್ಲಿ ಕಿವಿಗೆ ಸಂಬಂಧಪಟ್ಟ ಪ್ರೆಸ್ಟಿನ್ ಅನ್ನೋ ಜೀನ್ ಎಷ್ಟು ಒಂದೇ ಥರ ಬದಲಾಗಿದೆ ಅಂದ್ರೆ ಅದೊಂದನ್ನೇ ನೋಡಿದ್ರೆ ಎರಡೂ ಹತ್ತಿರದ ನೆಂಟರು ಅನ್ನಿಸಿಬಿಡುತ್ತೆ. ಅದಕ್ಕೆ ಹಲವು ಜೀನ್‌ಗಳನ್ನ ಒಟ್ಟಿಗೆ ಓದೋದು.

ಹವಾಯಿಯಲ್ಲೇ ಇದರ ಉಲ್ಟಾ ಉದಾಹರಣೆಯೂ ಇದೆ. ಹನಿಕ್ರೀಪರ್‌ಗಳು ಅನ್ನೋ ಹಕ್ಕಿಗುಂಪು. ಅದ್ರಲ್ಲಿ ಇಈವಿಗೆ ಕುಡುಗೋಲಿನ ಹಾಗೆ ಬಾಗಿದ ಕೆಂಪು ಕೊಕ್ಕು, ಪಲಿಲಾಗೆ ಬೀಜ ಒಡೆಯೋ ದಪ್ಪ ಕೊಕ್ಕು, ಅಕಿಯಾಪೋಲಾಅವು ಅನ್ನೋ ಹಕ್ಕಿಗೆ ಕೆಳಗಿನ ಕೊಕ್ಕು ಗಿಡ್ಡ ಗಟ್ಟಿ, ಅದ್ರಲ್ಲಿ ಮರ ಕುಕ್ಕುತ್ತೆ, ಮೇಲಿನದು ಉದ್ದ ಬಾಗಿದ್ದು, ಅದ್ರಲ್ಲಿ ಹುಳ ಎಳೀತದೆ, ಹವಾಯಿಯಲ್ಲಿ ಮರಕುಟಿಗ ಇಲ್ವಲ್ಲ, ಆ ಕೆಲಸ ಇದು ಹಿಡ್ಕೊಂಡಿದೆ. ಕೊಕ್ಕು ನೋಡಿದ್ರೆ ನಾಲ್ಕೈದು ಕುಟುಂಬ ಅನ್ಬೇಕು. ಆದ್ರೆ ಪಳೆಯುಳಿಕೆ ಸೇರಿ 50ಕ್ಕೂ ಹೆಚ್ಚು ಪ್ರಭೇದದ ಈ ಇಡೀ ಗುಂಪು ಒಂದೇ ಪೂರ್ವಜರ ಸಂತಾನ, ಏಷ್ಯಾದ ರೋಸ್‌ಫಿಂಚ್‌ಗಳ ಕವಲು ಅಂತ 2011ರ ಡಿಎನ್‌ಎ ಅಧ್ಯಯನ ತೋರಿಸ್ತು. ಸುಮಾರು 72 ಲಕ್ಷ ವರ್ಷದ ಹಿಂದೆ ಬೇರೆಯಾದ ಕವಲು. ಚಳಿಗಾಲದಲ್ಲಿ ನಂದಿಬೆಟ್ಟಕ್ಕೆ ಬರೋ ರೋಸ್‌ಫಿಂಚ್ ಫೋಟೋ ತೆಗೆಯೋರು ಇದನ್ನ ತಿಳ್ಕೊಂಡು ತೆಗೆದ್ರೆ ಆ ಸಾದಾ ಕಂದು ಹಕ್ಕಿ ಬೇರೆಯೇ ಕಾಣುತ್ತೆ. ಮೊದಲೆಲ್ಲಾ ಹನಿಕ್ರೀಪರ್‌ಗಳನ್ನ ಗುರುತಿಸೋಕೆ ಅವುಗಳ ಮುಗ್ಗಲು ವಾಸನೆಯನ್ನೂ ಸಾಕ್ಷಿಯಾಗಿ ತಗೋತಿದ್ರು. 1973ರಲ್ಲಿ ಮಾವಿ ದ್ವೀಪದಲ್ಲಿ ಸಿಕ್ಕ ಪೋಓವುಲಿಗೆ ಆ ವಾಸನೆ ಇರಲಿಲ್ಲ, ಹಾಗಾಗಿ ಇದು ಹನಿಕ್ರೀಪರ್ ಹೌದೋ ಅಲ್ವೋ ಅಂತ ಜಗಳ ನಡೀತು, ಕೊನೆಗೆ ಹೌದು ಅಂದಿದ್ದು ಡಿಎನ್‌ಎ. ಪೋಓವುಲಿ ಈಗ ಇಲ್ಲ, 2004ರ ನಂತರ ಯಾರೂ ನೋಡಿಲ್ಲ.

ಈ ಹನಿಕ್ರೀಪರ್‌ಗಳನ್ನ ಕೊಲ್ತಿರೋದು ಮುಖ್ಯವಾಗಿ ಸೊಳ್ಳೆ ಹರಡೋ ಹಕ್ಕಿ ಮಲೇರಿಯಾ. ಹವಾಯಿಯಲ್ಲಿ ಸೊಳ್ಳೆಯೇ ಇರಲಿಲ್ಲ, 1826ರಲ್ಲಿ ಹಡಗಿನ ನೀರಿನ ಪೀಪಾಯಿಗಳಲ್ಲಿ ಬಂತು ಅಂತಾರೆ. ಅದು ಕ್ಯುಲೆಕ್ಸ್ ಕ್ವಿಂಕಿಫ್ಯಾಸಿಯಾಟಸ್, ನಮ್ಮ ರಾಜಕಾಲುವೆಗಳಲ್ಲಿ ಹುಟ್ಟಿ ಸಂಜೆ ಕಿಟಕಿ ಮುಚ್ಚಿಸೋ ಅದೇ ಸೊಳ್ಳೆ. ಲಕ್ಷಾಂತರ ವರ್ಷ ಸೊಳ್ಳೆ ನೋಡದ ಹಕ್ಕಿಗಳಿಗೆ ತಡ್ಕೊಳ್ಳೋ ಶಕ್ತಿ ಇಲ್ಲ, ಚಳಿಯಿರೋ ಎತ್ತರದ ಕಾಡಲ್ಲಿ ಮಾತ್ರ ಉಳಿದಿವೆ. 2023ರಿಂದ ಮಾವಿಯಲ್ಲಿ ವೋಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ ಇರೋ ಗಂಡು ಸೊಳ್ಳೆಗಳನ್ನ ಬಿಡ್ತಿದಾರೆ, ಅವು ಕೂಡಿದ ಹೆಣ್ಣಿನ ಮೊಟ್ಟೆ ಮರಿಯಾಗಲ್ಲ.

ಮಡಗಾಸ್ಕರ್ ಕತೆ ಇನ್ನೂ ಮಜಾ ಇದೆ. ಅಲ್ಲಿ ವಾಂಗಾ ಅಂತ ಒಂದು ಗುಂಪು. ಕುಡುಗೋಲು ಕೊಕ್ಕಿನದೊಂದು, ಹೆಲ್ಮೆಟ್ ಹಾಕಿದ ಹಾಗೆ ಊದಿದ ನೀಲಿ ಕೊಕ್ಕಿನದೊಂದು. ಇನ್ನು ಕೆಲವನ್ನ ವಾಂಗಾ ಅಂತ ಯಾರೂ ಅಂದುಕೊಂಡೇ ಇರಲಿಲ್ಲ, ಮರದ ಕಾಂಡ ಹತ್ತುತ್ತಿದ್ದದ್ದನ್ನ ನಟ್‌ಹ್ಯಾಚ್ ಅಂದಿದ್ರು, ನೆಲದ ಮೇಲೆ ಓಡಾಡೋದನ್ನ ಬ್ಯಾಬ್ಲರ್ ಅಂದಿದ್ರು, ಟೈಲಾಸ್ ಅನ್ನೋದನ್ನ ಬುಲ್‌ಬುಲ್ ಅಂದಿದ್ರು. 2012ರಲ್ಲಿ ಸುಷ್ಮಾ ರೆಡ್ಡಿ ಮತ್ತೆ ಜೊತೆಗಾರರು ವಂಶವೃಕ್ಷ ಬಿಡಿಸಿ ಇಟ್ಟಾಗ ಎಲ್ಲಾ ಒಂದೇ ಮನೆ. ಸುಮಾರು 2.5 ಕೋಟಿ ವರ್ಷದ ಹಿಂದೆ ಬಂದು ಇಳಿದ ಒಂದು ಹಕ್ಕಿಗುಂಪು ದ್ವೀಪದ ಖಾಲಿ ಕೆಲಸಗಳನ್ನೆಲ್ಲಾ ಹಂಚ್ಕೊಂಡಿದೆ. ಈ ವಾಂಗಾ ಕುಟುಂಬದ ಒಬ್ಬ ನೆಂಟ ನಮ್ಮೂರಲ್ಲೇ ಇದಾನೆ, ವುಡ್‌ಶ್ರೈಕ್, ಹೆಸರಘಟ್ಟ ಕಡೆ ಕುರುಚಲು ಮರಗಳಲ್ಲಿ ಕಾಣೋ ಬೂದು ಬಣ್ಣದ, ಬಿಳಿ ಹುಬ್ಬಿನ ಹಕ್ಕಿ. ಈಗ ಅದನ್ನೂ ವಾಂಗಾ ಕುಟುಂಬದಲ್ಲೇ ಸೇರಿಸಿದಾರೆ.

ಹಕ್ಕಿ ನೋಡೋ ನಮ್ಮ ಸ್ನೇಹಿತರು ಪ್ರತಿ ವರ್ಷ ಹಕ್ಕಿ ಹೆಸರುಗಳ ಲಿಸ್ಟ್ ಅಪ್‌ಡೇಟ್ ಆದಾಗ ಬೈತಾರೆ, "ಈ ವಿಜ್ಞಾನಿಗಳಿಗೆ ಹೆಸರು ಬದಲಾಯಿಸೋದು ಬಿಟ್ಟು ಬೇರೆ ಕೆಲಸ ಇಲ್ವಾ" ಅಂತ. ನಾನಿದನ್ನ ಒಪ್ಪಲ್ಲ. ವೈಜ್ಞಾನಿಕ ಹೆಸರಿನ ಮೊದಲ ಭಾಗ ಯಾರು ಯಾರ ಮನೆಯವರು ಅನ್ನೋ ಒಂದು ಹೇಳಿಕೆ. ಹೇಳಿಕೆ ಸುಳ್ಳು ಅಂತ ಸಾಬೀತಾದ ಮೇಲೂ ಹಳೇ ಹೆಸರೇ ಇರಲಿ ಅಂದ್ರೆ ಹೇಗೆ?

ಇದಕ್ಕೆ ಉದಾಹರಣೆ ಹುಡುಕೋಕೆ ಸಮುದ್ರ ದಾಟಬೇಕಿಲ್ಲ. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳು ಕೂಡ ದ್ವೀಪಗಳೇ, ಸುತ್ತ ನೀರಿನ ಬದಲು ಬಿಸಿ ತಗ್ಗು ಪ್ರದೇಶ. ಪಾಲಕ್ಕಾಡ್ ಕಣಿವೆ 30-40 ಕಿಲೋಮೀಟರ್ ಅಗಲ ಅಷ್ಟೇ, ಕಾರಲ್ಲಿ ಒಂದು ಗಂಟೆ ದಾರಿ. ಆದ್ರೆ ತಣ್ಣಗಿನ ಪೊದೆಯ ನೆರಳು ಬಿಟ್ಟು ಹೊರಗೆ ಬರದ ಸಣ್ಣ ಹಕ್ಕಿಗೆ ಅದು ದಾಟೋಕಾಗದ ಸಾಗರ. ನಮ್ಮ ಬೆಂಗಳೂರಿನ ಜಿಕೆವಿಕೆ ಕ್ಯಾಂಪಸ್‌ನಲ್ಲಿರೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್, ವಿ. ವಿ. ರಾಬಿನ್ ಮತ್ತೆ ಜೊತೆಗಾರರು ಸೇರಿ ಮಾಡಿದ ಕೆಲಸ ಇದು. ಘಟ್ಟದ ಎತ್ತರದ 23 ಪ್ರಭೇದಗಳನ್ನ ನೋಡಿ, ಕಣಿವೆ ಅಗಲ ಆಳ ಜಾಸ್ತಿ ಇದ್ದಷ್ಟೂ ಹೆಚ್ಚು ಪ್ರಭೇದಗಳನ್ನ ಅದು ಎರಡಾಗಿ ಮಾಡಿದೆ ಅಂತ 2015ರಲ್ಲಿ ತೋರಿಸಿದ್ರು. 2017ರಲ್ಲಿ ಅದೇ ಸುಷ್ಮಾ ರೆಡ್ಡಿಯೂ ಜೊತೆಗೂಡಿ ಎರಡು ಹೊಸ ಜೀನಸ್ (ವೈಜ್ಞಾನಿಕ ಹೆಸರಿನ ಆ ಮೊದಲ ಭಾಗ) ಹೆಸರಿಸಿದ್ರು, ಶೋಲಿಕೋಲಾ ಮತ್ತೆ ಮಾಂಟೆಸಿಂಕ್ಲಾ.

ಶೋಲಿಕೋಲಾ ಮೊದಲು ಶಾರ್ಟ್‌ವಿಂಗ್ ಅನ್ನಿಸಿಕೊಂಡಿತ್ತು, ನೆಲದ ಹತ್ತಿರ ಪೊದೆಯಲ್ಲಿ ಓಡಾಡೋ, ಗಿಡ್ಡ ರೆಕ್ಕೆಯ ನೀಲಿ ಹಕ್ಕಿ, ಹಿಮಾಲಯದ ಶಾರ್ಟ್‌ವಿಂಗ್‌ಗಳ ಥರಾನೇ ಕಾಣುತ್ತೆ. ಡಿಎನ್‌ಎ ಪ್ರಕಾರ ಇದು ನೀಲಿ ನೊಣಹಿಡುಕಗಳ ಕಡೆಯವನು. ನೊಣಹಿಡುಕದ ವಂಶ ಶೋಲಾ ಪೊದೆಗೆ ಇಳಿದು ಶಾರ್ಟ್‌ವಿಂಗ್ ವೇಷಕ್ಕೆ ಬಂದಿದೆ, ಹವಾಯಿಯಲ್ಲಿ ಆಗಿದ್ದೇ ಇಲ್ಲೂ ಆಗಿದೆ! ಮಾಂಟೆಸಿಂಕ್ಲಾ ಅಂದ್ರೆ ಘಟ್ಟದ ಲಾಫಿಂಗ್‌ಥ್ರಷ್‌ಗಳು, ಇವೂ ಹಿಮಾಲಯದ ಅದೇ ಹೆಸರಿನ ಹಕ್ಕಿಗಳಿಗಿಂತ ಸಿಬಿಯಾ, ಬಾರ್‌ವಿಂಗ್ ಅನ್ನೋ ಬೇರೆ ಹಕ್ಕಿಗಳ ಗುಂಪಿಗೆ ಹತ್ತಿರ.

ಒಂದು ಶೋಲಿಕೋಲಾ ಪಾಲಕ್ಕಾಡಿನ ಉತ್ತರಕ್ಕೆ, ಒಂದು ಆನೆಮಲೆ ಪಳನಿ ಕಡೆ, ಮೂರನೆಯದು ಚೆಂಗೋಟ ಕಣಿವೆಯ ಆಚೆ ಅಶಂಬು ಬೆಟ್ಟಗಳಲ್ಲಿ, ಇದಕ್ಕೆ ಅದುವರೆಗೂ ಹೆಸರೇ ಇರಲಿಲ್ಲ. ಉತ್ತರದ್ದು ನಮ್ಮ ಬಾಬಾಬುಡನ್‌ಗಿರಿಯಲ್ಲೂ ಇದೆ. ಲಾಫಿಂಗ್‌ಥ್ರಷ್‌ಗಳು ನಾಲ್ಕಾದ್ವು, ಅದ್ರಲ್ಲಿ ಬಾಣಾಸುರ ಲಾಫಿಂಗ್‌ಥ್ರಷ್ ವಯನಾಡಿನ ಕೆಲವು ಶಿಖರ ಮತ್ತೆ ಕೊಡಗಿನ ಬ್ರಹ್ಮಗಿರಿ ಕಡೆ ಬಿಟ್ರೆ ಬೇರೆಲ್ಲೂ ಇಲ್ಲ. ನೀಲಗಿರಿಯದ್ದು ಇದೆಯಲ್ಲ, ಅದೇ ಇದು ಅಂತ ಲೆಕ್ಕದಲ್ಲಿ ಸೇರಿಸ್ಕೊಂಡಿದ್ದಾಗ ಇದರ ಕಷ್ಟ ಯಾರಿಗೂ ಕಾಣ್ತಿರಲಿಲ್ಲ. ಬೇರೆ ಪ್ರಭೇದ ಅಂತಾದ ಮೇಲೆ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರೋ ಹಕ್ಕಿ ಅಂತ ತನ್ನದೇ ಸಾಲು ಸಿಕ್ಕಿದೆ, ಬಾಬಾಬುಡನ್‌ಗಿರಿಯ ಶೋಲಿಕೋಲಾಗೂ ಅಷ್ಟೇ. ಬ್ರಹ್ಮಗಿರಿಗೆ ಟ್ರೆಕ್ ಹೋದಾಗ ಲಾಫಿಂಗ್‌ಥ್ರಷ್ ಕಂಡ್ರೆ ಅಥವಾ ಅದರ ಕೂಗು ರೆಕಾರ್ಡ್ ಆದ್ರೆ, ಬರೀ "ಲಾಫಿಂಗ್‌ಥ್ರಷ್" ಅಂತ ಹಾಕ್ಬೇಡಿ, ಬೆಟ್ಟದ ಹೆಸರು, ಎತ್ತರ ಸಮೇತ ಬಾಣಾಸುರ ಅಂತಲೇ ದಾಖಲಿಸಿ.