ಗೆದ್ದ ಪಂದ್ಯಗಳ ಲೆಕ್ಕ ಸಾಲದು: ಕ್ಯಾರಲ್ ಹಚಿನ್ಸ್ ಮತ್ತು ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ಐವತ್ತು ವರ್ಷ

ಮಿಷಿಗನ್ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ಕೋಚ್ ಕ್ಯಾರಲ್ ಹಚಿನ್ಸ್ 2022ರ ಆಗಸ್ಟ್‌ನಲ್ಲಿ ನಿವೃತ್ತರಾದರು. ಪತ್ರಿಕೆಗಳಲ್ಲೆಲ್ಲ ಒಂದೇ ಸಂಖ್ಯೆ ಓಡಾಡಿತು: 1,707 ಗೆಲುವು. ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ಮೇಲ್ದರ್ಜೆಯಲ್ಲಿ ಅಲ್ಲಿಯವರೆಗೆ ಅಷ್ಟು ಪಂದ್ಯ ಗೆದ್ದ ಕೋಚ್ ಬೇರೆ ಯಾರೂ ಇರಲಿಲ್ಲ.

ಅದಾದ ಮೇಲೆ ಈ ಆಟದ ಸುದ್ದಿಗಳು ಒಂದರ ಮೇಲೊಂದು ಬಂದು ಬಿದ್ದಿವೆ. ಒಬ್ಬ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವಳಿಗೆ, ವರ್ಷಕ್ಕೆ 10 ಲಕ್ಷ ಡಾಲರ್ ಒಪ್ಪಂದ. ಆಟಗಾರರಿಗೆ ವಿಶ್ವವಿದ್ಯಾಲಯವೇ ನೇರವಾಗಿ ದುಡ್ಡು ಕೊಡಬಹುದು ಅಂತ ಕೋರ್ಟ್ ಒಪ್ಪಿಗೆ. ತಂಡದಲ್ಲಿ 25 ಜನರಿಗಿಂತ ಜಾಸ್ತಿ ಇರಬಾರದು ಅಂತ ಮಿತಿ. ಇದರ ಮಧ್ಯೆ, ಹೆಣ್ಣುಮಕ್ಕಳ ತಂಡಗಳಿಗೆ ಮಹಿಳಾ ಕೋಚ್‌ಗಳು ಯಾಕೆ ಕಡಿಮೆ ಅನ್ನೋ ಹಳೆಯ ಪ್ರಶ್ನೆ. ಇವೆಲ್ಲ ಬೇರೆ ಬೇರೆ ಸುದ್ದಿ ಅನ್ನಿಸುತ್ತದೆ, ಅಲ್ವಾ? ಹಚಿನ್ಸ್ ಅವರ ವೃತ್ತಿಜೀವನವನ್ನು ಮೊದಲಿಂದ ನೋಡಿದರೆ ಇವಕ್ಕೆಲ್ಲ ಬೇರು ಒಂದೇ ಅಂತ ಗೊತ್ತಾಗುತ್ತದೆ.

ಮೊದಲು ಆಟದ ಬಗ್ಗೆ ಸ್ವಲ್ಪ. ಸಾಫ್ಟ್‌ಬಾಲ್ ನೋಡೋಕೆ ಬೇಸ್‌ಬಾಲ್ ಥರಾನೇ ಇರುತ್ತದೆ. ಆದರೆ ಚೆಂಡು ದೊಡ್ಡದು, ಅಂಗಳ ಚಿಕ್ಕದು, ಪಂದ್ಯ 7 ಇನಿಂಗ್ಸ್‌ನದು. ಪಿಚರ್ ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಹತ್ತಿರದಿಂದ ಚೆಂಡು ಬಿಡುತ್ತಾಳೆ. ಬೇಸ್‌ಬಾಲ್‌ನಲ್ಲಿ ಪಿಚರ್ ಮತ್ತು ಬ್ಯಾಟರ್ ನಡುವೆ 60 ಅಡಿ 6 ಅಂಗುಲ ಇದ್ದರೆ, ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಬರೀ 43 ಅಡಿ. ಚೆಂಡು ಕೈಬಿಟ್ಟ ಅರ್ಧ ಸೆಕೆಂಡಿನೊಳಗೆ ಬ್ಯಾಟರ್ ಹೊಡೆಯಬೇಕೋ ಬಿಡಬೇಕೋ ತೀರ್ಮಾನ ಮಾಡಿ ಆಗಿರಬೇಕು. ಹೆಸರಿನಲ್ಲಿ ಸಾಫ್ಟ್ ಅಂತಿದೆ ಅಷ್ಟೇ, ಆಟದಲ್ಲಿ ಮೆತ್ತಗಿನದು ಏನೂ ಇಲ್ಲ.

ಹಚಿನ್ಸ್ ಹುಟ್ಟಿದ್ದು 1957ರಲ್ಲಿ, ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ. ಓದಿದ್ದು ಪಕ್ಕದ ಈಸ್ಟ್ ಲ್ಯಾನ್ಸಿಂಗ್‌ನಲ್ಲಿರುವ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಅವರು ಹೈಸ್ಕೂಲು ಮುಗಿಸುವ ಹೊತ್ತಿಗೆ ಒಂದು ಕಾನೂನು ಬಂದಿತ್ತು. 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಶಿಕ್ಷಣ ಕಾಯ್ದೆಯ ಒಂಬತ್ತನೇ ಭಾಗ, ಎಲ್ಲರ ಬಾಯಲ್ಲಿ 'ಟೈಟಲ್ ನೈನ್'. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು–ಗಂಡು ಅಂತ ಭೇದ ಮಾಡುವ ಹಾಗಿಲ್ಲ ಅನ್ನೋದು ಅದರ ತಿರುಳು. ಕಾಯ್ದೆಯ ಆ ಸಾಲಿನಲ್ಲಿ ಕ್ರೀಡೆಯ ಹೆಸರೇ ಇಲ್ಲ. ಆದರೂ ಅದು ಅತಿ ಹೆಚ್ಚು ಜಗಳಕ್ಕೆ ಕಾರಣವಾದದ್ದು ಆಟದ ಮೈದಾನದಲ್ಲೇ.

ಹಚಿನ್ಸ್ ಕಾಲೇಜಿನಲ್ಲಿ ಎರಡು ಆಟ ಆಡುತ್ತಿದ್ದರು. ಸಾಫ್ಟ್‌ಬಾಲ್‌ನಲ್ಲಿ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್), ಜೊತೆಗೆ ಬಾಸ್ಕೆಟ್‌ಬಾಲ್. 1976ರಲ್ಲಿ ಅವರಿದ್ದ ಮಿಷಿಗನ್ ಸ್ಟೇಟ್ ಸಾಫ್ಟ್‌ಬಾಲ್ ತಂಡ ನೆಬ್ರಾಸ್ಕದ ಒಮಾಹಾದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಗ ಮಹಿಳೆಯರ ಕಾಲೇಜು ಕ್ರೀಡೆ ನೋಡಿಕೊಳ್ಳುತ್ತಿದ್ದದ್ದು ಎಐಎಡಬ್ಲ್ಯು ಅನ್ನೋ ಸಂಸ್ಥೆ. ಮಹಿಳೆಯರೇ ಕಟ್ಟಿ ಮಹಿಳೆಯರೇ ನಡೆಸಿದ ಸಂಸ್ಥೆ ಅದು. ಕಾಲೇಜುಗಳೇನೋ 900ಕ್ಕೂ ಹೆಚ್ಚು ಇದ್ದವು, ಕೈಯಲ್ಲಿ ಕಾಸು ಮಾತ್ರ ಇರಲಿಲ್ಲ.

ಕಾನೂನು ಬಂದು ಏಳು ವರ್ಷ ಆದರೂ ಕಾಲೇಜಿನ ದಿನನಿತ್ಯದಲ್ಲಿ ಏನೂ ಬದಲಾಗಿರಲಿಲ್ಲ. ಹುಡುಗರ ಬಾಸ್ಕೆಟ್‌ಬಾಲ್ ತಂಡ ಪ್ರವಾಸ ಹೋದಾಗ ಕೊಡುತ್ತಿದ್ದ ಊಟದ ಭತ್ಯೆ ಜಾಸ್ತಿ, ಹುಡುಗಿಯರಿಗೆ ಕಡಿಮೆ. ಹೋಟೆಲ್ ರೂಮಿನಲ್ಲಿ ಹುಡುಗರು ಇಬ್ಬಿಬ್ಬರು, ಹುಡುಗಿಯರು ಒತ್ತಿಕೊಂಡು ಮಲಗಬೇಕು. 1979ರಲ್ಲಿ ಆಟಗಾರ್ತಿಯರು ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಶೀರ್ಷಿಕೆಯಲ್ಲೇ ಹಚಿನ್ಸ್ ಅವರ ಹೆಸರಿದೆ. ತಮ್ಮದೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ವಿರುದ್ಧ, ಇನ್ನೂ ಓದುತ್ತಿರುವಾಗಲೇ, ಇಪ್ಪತ್ತೊಂದು ವರ್ಷದ ಹುಡುಗಿ ಹೆಸರು ಕೊಡುವುದು ಅಂದರೆ ಸುಮ್ನೆ ಮಾತಲ್ಲ. ಅವರು ಕೇಳಿದ್ದು ಊಟ, ಹಾಸಿಗೆ ಮತ್ತು ಸಮಾನ ಮರ್ಯಾದೆ, ಅಷ್ಟೇ.

ಮುಂದಿನ ಹತ್ತು ವರ್ಷದ ಕಾನೂನಿನ ಹಾವು–ಏಣಿಯನ್ನು ಬೇಗ ಹೇಳಿಬಿಡುತ್ತೇನೆ. 1979ರ ಕೊನೆಯಲ್ಲಿ ಸರ್ಕಾರ ಕ್ರೀಡೆಗೆ ಸ್ಪಷ್ಟ ನಿಯಮ ಬರೆಯಿತು, 1984ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಿಂದ ಅದು ಹಲ್ಲಿಲ್ಲದ ಹಾಗಾಯಿತು, 1988ರಲ್ಲಿ ಸಂಸತ್ತು ಹೊಸ ಕಾಯ್ದೆ ತಂದು ಮತ್ತೆ ಜೀವ ಕೊಟ್ಟಿತು.

ಈ ನಡುವೆ ಜನ ಅಷ್ಟಾಗಿ ಗಮನಿಸದ ಒಂದು ಬದಲಾವಣೆ ನಡೆದುಹೋಯಿತು. ಅಲ್ಲಿಯವರೆಗೆ ಕಾಲೇಜುಗಳ ಗಂಡಸರ ಕ್ರೀಡೆಯನ್ನಷ್ಟೇ ನೋಡುತ್ತಿದ್ದ ಎನ್‌ಸಿಎಎ ಅನ್ನೋ ಸಂಸ್ಥೆ ಮಹಿಳಾ ಚಾಂಪಿಯನ್‌ಷಿಪ್‌ಗಳನ್ನೂ ಶುರು ಮಾಡಿತು. 1982ರಲ್ಲಿ ಸಾಫ್ಟ್‌ಬಾಲ್‌ಗೆ ಇಬ್ಬರು ಚಾಂಪಿಯನ್‌ಗಳು: ಎಐಎಡಬ್ಲ್ಯು ಕಡೆಯಿಂದ ಟೆಕ್ಸಸ್ ಎ ಅಂಡ್ ಎಂ, ಎನ್‌ಸಿಎಎ ಕಡೆಯಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ. ದುಡ್ಡು, ಟಿವಿ, ಪ್ರಯಾಣದ ಖರ್ಚು ಎಲ್ಲ ಇದ್ದದ್ದು ಎನ್‌ಸಿಎಎ ಹತ್ತಿರ. ಕಾಲೇಜುಗಳು ಅತ್ತ ಹೋದವು, ಎಐಎಡಬ್ಲ್ಯು ಬಾಗಿಲು ಹಾಕಿತು. ಕ್ಯಾಂಪಸ್‌ಗಳಲ್ಲೂ ಅದೇ ಆಯಿತು. ಬೇರೆ ಬೇರೆಯಾಗಿದ್ದ ಮಹಿಳಾ ಕ್ರೀಡಾ ವಿಭಾಗ ಮತ್ತು ಪುರುಷರ ವಿಭಾಗ ಒಂದಾದವು. ಒಂದಾದ ಮೇಲೆ ಮುಖ್ಯಸ್ಥರು ಒಬ್ಬರೇ ಬೇಕಲ್ಲ. ಬಹುತೇಕ ಕಡೆ ಆ ಕುರ್ಚಿ ಗಂಡಸರ ಪಾಲಾಯಿತು.

ಇದರ ಫಲ ಅಂಕಿಯಲ್ಲಿ ಕಾಣುತ್ತದೆ. ವಿವಿಯನ್ ಅಕೋಸ್ಟಾ ಮತ್ತು ಲಿಂಡಾ ಕಾರ್ಪೆಂಟರ್ ಎಂಬ ಇಬ್ಬರು ಪ್ರಾಧ್ಯಾಪಕಿಯರು ಮೂರು ದಶಕಕ್ಕೂ ಹೆಚ್ಚು ಕಾಲ ಇದರ ಲೆಕ್ಕ ಇಟ್ಟರು. 1972ರಲ್ಲಿ ಮಹಿಳಾ ತಂಡಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವಕ್ಕೆ ಮಹಿಳೆಯರೇ ಕೋಚ್. 2014ರ ಹೊತ್ತಿಗೆ ಅದು ಸುಮಾರು ಶೇ 43. ಪುರುಷರ ತಂಡಗಳಿಗೆ ಮಹಿಳಾ ಕೋಚ್‌ಗಳು ಶೇ 2–3ರ ಆಸುಪಾಸು. ಅಂದರೆ ಹೆಣ್ಣುಮಕ್ಕಳ ಕ್ರೀಡೆಗೆ ದುಡ್ಡು ಬರಲಿ ಅಂತ ಹೋರಾಡಿದ್ದರು, ದುಡ್ಡು ಬಂತು. ಸಂಬಳ ಕೊಡುವ ಕೆಲಸ ಆದ ಕೂಡಲೇ ಆ ಕೆಲಸಕ್ಕೆ ಅರ್ಜಿ ಹಾಕುವವರು ಹೆಚ್ಚಿದರು, ಆರಿಸುವವರು ತಮಗೆ ಪರಿಚಯ ಇದ್ದವರನ್ನು ಆರಿಸಿದರು. ಯಾರೋ ಒಬ್ಬರು ಕೂತು ಹೆಂಗಸರನ್ನು ಹೊರಗಿಡೋಣ ಅಂತ ಹೂಡಿದ ಸಂಚಲ್ಲ ಇದು. ಸಾವಿರ ಸಣ್ಣ ಸಣ್ಣ ತೀರ್ಮಾನಗಳು ಒಂದೇ ಕಡೆ ವಾಲಿದ್ದರಿಂದ ಆದದ್ದು. ಅದಕ್ಕೇ ಸರಿಪಡಿಸೋದೂ ಕಷ್ಟ.

ಹಚಿನ್ಸ್ ಈ ಗಾಳಿಯಲ್ಲಿ ಉಳಿದುಕೊಂಡವರು. ಇಂಡಿಯಾನಾದಲ್ಲಿ ಸ್ನಾತಕೋತ್ತರ ಪದವಿ, 1982ರಲ್ಲಿ ಫೆರಿಸ್ ಸ್ಟೇಟ್‌ನಲ್ಲಿ ಒಂದು ಸೀಸನ್ ಹೆಡ್ ಕೋಚ್, ಆಮೇಲೆ ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್. 1985ರಲ್ಲಿ ಅಲ್ಲೇ ಹೆಡ್ ಕೋಚ್. ಆ ಕಾಲದ ಮಹಿಳಾ ಕೋಚ್ ಅಂದರೆ ವ್ಯಾನ್ ಡ್ರೈವರ್, ಮೈದಾನಕ್ಕೆ ಗೆರೆ ಎಳೆಯುವವರು, ಬಟ್ಟೆ ಒಗೆಸುವವರು, ಚಂದಾ ಎತ್ತುವವರು ಎಲ್ಲ ಒಬ್ಬರೇ. ಅಲ್ಲಿಂದ 38 ಸೀಸನ್ ಒಂದೇ ಜಾಗದಲ್ಲಿ. ಆಟಗಾರ್ತಿಯರು ಕರೆಯುತ್ತಿದ್ದದ್ದು 'ಹಚ್' ಅಂತ.

ಅವರ ಸಾಧನೆ ಅರ್ಥ ಆಗಬೇಕಾದರೆ ಮಿಷಿಗನ್‌ನ ಹವಾಮಾನ ಗೊತ್ತಿರಬೇಕು. ಸೀಸನ್ ಶುರುವಾಗೋದು ಫೆಬ್ರವರಿಯಲ್ಲಿ. ಆಗ ಆನ್ ಆರ್ಬರ್‌ನಲ್ಲಿ ಮೈದಾನದ ಮೇಲೆ ಹಿಮ. ಕ್ಯಾಲಿಫೋರ್ನಿಯಾ, ಅರಿಜೋನದ ಹುಡುಗಿಯರು ವರ್ಷವಿಡೀ ಬಿಸಿಲಲ್ಲಿ ಆಡಿ ಬೆಳೆದವರು. ಉತ್ತರದವರು ಒಳಾಂಗಣದಲ್ಲಿ ಅಭ್ಯಾಸ ಮಾಡಿ, ಮೊದಲ ವಾರಗಳನ್ನೆಲ್ಲ ವಿಮಾನದಲ್ಲಿ ದಕ್ಷಿಣಕ್ಕೆ ಹೋಗಿ ಪರರ ಮೈದಾನದಲ್ಲಿ ಆಡಬೇಕು. ಒಳ್ಳೆಯ ಪಿಚರ್‌ಗಳು ಸಹಜವಾಗಿ ಬಿಸಿಲಿನ ಕಡೆಯ ಕಾಲೇಜುಗಳನ್ನೇ ಆರಿಸುತ್ತಿದ್ದರು. 1982ರಿಂದ 2004ರವರೆಗೆ ಎನ್‌ಸಿಎಎ ಟ್ರೋಫಿ ಮಿಸಿಸಿಪಿ ನದಿ ದಾಟಿ ಪೂರ್ವಕ್ಕೆ ಒಂದು ಸಲವೂ ಬರಲಿಲ್ಲ. ಯುಸಿಎಲ್‌ಎ, ಅರಿಜೋನ ಹಂಚಿಕೊಂಡವು, ಮಧ್ಯೆ ಮಧ್ಯೆ ಫ್ರೆಸ್ನೊ, ಓಕ್ಲಹೋಮ, ಬರ್ಕ್ಲಿಯ ಕ್ಯಾಲ್ ಅಂಥ ಕಾಲೇಜುಗಳು.

ಮಿಷಿಗನ್ 1995ರಲ್ಲಿ ಮೊದಲ ಸಲ ಎನ್‌ಸಿಎಎಯ ಮಹಿಳಾ ಕಾಲೇಜು ವಿಶ್ವ ಸರಣಿಗೆ ಹೋಯಿತು. ಓಕ್ಲಹೋಮ ಸಿಟಿಯಲ್ಲಿ ಎಂಟು ತಂಡಗಳು ಸೇರುವ ಕೊನೆಯ ಘಟ್ಟ ಅದು. ಮತ್ತೆ ಮತ್ತೆ ಹೋದರು, ಮತ್ತೆ ಮತ್ತೆ ಬರಿಗೈಯಲ್ಲಿ ಬಂದರು. ಹತ್ತು ವರ್ಷ ಹೀಗೇ.

2005ರಲ್ಲಿ ಮಿಷಿಗನ್ 65 ಗೆದ್ದು 7 ಸೋತಿತು. ಆ ವರ್ಷವೇ ಫೈನಲ್ ಅನ್ನು ಮೂರು ಪಂದ್ಯಗಳ ಸರಣಿ ಮಾಡಿದ್ದರು. ಎದುರಿಗೆ ಹಿಂದಿನ ಎರಡು ವರ್ಷದ ಚಾಂಪಿಯನ್ ಯುಸಿಎಲ್‌ಎ. ಮೊದಲ ಪಂದ್ಯ ಯುಸಿಎಲ್‌ಎ 5–0. ಎರಡನೆಯದು ಮಿಷಿಗನ್ 5–2. ಮೂರನೆಯದರಲ್ಲಿ 7 ಇನಿಂಗ್ಸ್ ಮುಗಿದಾಗ 1–1. ಎಂಟು, ಒಂಬತ್ತು ದಾಟಿತು. ಮಿಷಿಗನ್ ಪಿಚರ್ ಜೆನ್ನಿ ರಿಟರ್ ಬಿಟ್ಟುಕೊಡಲಿಲ್ಲ. ಹತ್ತನೆಯ ಇನಿಂಗ್ಸ್‌ನಲ್ಲಿ ಮಿಷಿಗನ್‌ನ ಇಬ್ಬರು ಬೇಸ್ ಮೇಲೆ. ಬ್ಯಾಟ್ ಹಿಡಿದು ಬಂದವಳು ಮೊದಲ ವರ್ಷದ ಹುಡುಗಿ ಸಮಾಂತಾ ಫಿಂಡ್ಲೆ. ಚೆಂಡು ಬೇಲಿಯಾಚೆ. 4–1. ಬೇಸ್ ಮೇಲಿದ್ದ ಇಬ್ಬರೂ ಅವಳೂ ಸೇರಿ ಒಂದು ಹೊಡೆತಕ್ಕೆ ಮೂರು ರನ್, ಇಪ್ಪತ್ತಮೂರು ವರ್ಷದ ಗೋಡೆ ಬಿತ್ತು.

ಆ ಗೆಲುವಿನ ನಿಜವಾದ ಪರಿಣಾಮ ಟ್ರೋಫಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಚಳಿ ಊರಿನ ಕಾಲೇಜೂ ಗೆಲ್ಲಬಹುದು ಅಂತ ತೋರಿದ ಮೇಲೆ ಉತ್ತರ ಮತ್ತು ಪೂರ್ವದ ವಿಶ್ವವಿದ್ಯಾಲಯಗಳಿಗೆ 'ನಮ್ಮ ಹವಾಮಾನಕ್ಕೆ ಇದೆಲ್ಲ ಆಗೋದಿಲ್ಲ' ಅನ್ನೋ ನೆಪ ಉಳಿಯಲಿಲ್ಲ. ಒಬ್ಬ ಕೋಚ್ ಇಪ್ಪತ್ತು ವರ್ಷ ಒಂದೇ ಕಡೆ ಕೂತು ಕಟ್ಟಿದರೆ ಏನಾಗುತ್ತದೆ ಅನ್ನೋದಕ್ಕೆ ಅದು ಸಾಕ್ಷಿ. ಇವತ್ತು ಎರಡು ಸೀಸನ್ ಸೋತರೆ ಕೋಚ್ ಬದಲು. ಹತ್ತು ವರ್ಷ ಬರಿಗೈಯಲ್ಲಿ ವಾಪಸ್ ಬರೋಕೆ ಈಗ ಯಾರಿಗೆ ಅವಕಾಶ ಸಿಗುತ್ತದೆ?

ಆಮೇಲಿನದು ಚುಟುಕಾಗಿ: 2015ರಲ್ಲಿ ಮತ್ತೆ ಫೈನಲ್, ಫ್ಲಾರಿಡಾ ಎದುರು 1–2 ಸೋಲು. 2016ರಲ್ಲಿ ಫ್ರೆಸ್ನೊದ ಮಾರ್ಗಿ ರೈಟ್ ಅವರ 1,457 ಗೆಲುವನ್ನು ದಾಟಿದರು. 2022ರಲ್ಲಿ ಅರಿಜೋನದ ಮೈಕ್ ಕ್ಯಾಂಡ್ರಿಯಾ ಅವರ 1,674 ಅನ್ನೂ ದಾಟಿದರು. ಒಟ್ಟು 12 ಸಲ ವಿಶ್ವ ಸರಣಿ, ಮಿಷಿಗನ್ ಆಡುವ ಬಿಗ್ ಟೆನ್ ಲೀಗ್‌ನಲ್ಲಿ 22 ಪ್ರಶಸ್ತಿ.

ಅಷ್ಟರಲ್ಲಿ ಆಟ ಬೆಳೆದು ನಿಂತಿತ್ತು, ಅದಕ್ಕೆ ತಕ್ಕ ವ್ಯವಸ್ಥೆ ಬೆಳೆದಿರಲಿಲ್ಲ. 2021ರಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಆಟಗಾರ್ತಿಯೊಬ್ಬರು ವ್ಯಾಯಾಮಕ್ಕೆ ಅಂತ ತಮಗೆ ಕೊಟ್ಟ ಒಂದು ಸಣ್ಣ ಡಂಬೆಲ್ ಸ್ಟ್ಯಾಂಡಿನ ವಿಡಿಯೊ ಹಾಕಿದ್ದು ನೆನಪಿರಬಹುದು. ಅದೇ ವರ್ಷ ಸಾಫ್ಟ್‌ಬಾಲ್ ಕೋಚ್‌ಗಳೂ ಬಾಯಿ ಬಿಟ್ಟರು. ವಿಶ್ವ ಸರಣಿ ನಡೆಯುವ ಕ್ರೀಡಾಂಗಣದಲ್ಲಿ ಆಟಗಾರ್ತಿಯರಿಗೆ ಸ್ನಾನದ ವ್ಯವಸ್ಥೆ ಇಲ್ಲ. ಮಳೆ ಬಂದರೆ ಪಂದ್ಯ ಮಧ್ಯರಾತ್ರಿ ದಾಟುತ್ತದೆ, ಮರುದಿನ ಮತ್ತೆ ಆಡಬೇಕು. ವಿಶ್ರಾಂತಿ ದಿನ ಇಲ್ಲ, ವಿಡಿಯೊ ಮರುಪರಿಶೀಲನೆ ಇಲ್ಲ. ಗಂಡಸರ ಬೇಸ್‌ಬಾಲ್ ಸರಣಿಗೆ ಇವೆಲ್ಲ ಇದ್ದವು. ಆ ವರ್ಷ ಟಿವಿಯಲ್ಲಿ ಹೆಚ್ಚು ಜನ ನೋಡಿದ್ದು ಸಾಫ್ಟ್‌ಬಾಲ್ ಸರಣಿಯನ್ನೇ. 2022ರಿಂದ ವೇಳಾಪಟ್ಟಿ ಸ್ವಲ್ಪ ಸಡಿಲವಾಯಿತು. ಊಟದ ಭತ್ಯೆಯ ಜಗಳದಿಂದ ಸ್ನಾನದ ಮನೆಯ ಜಗಳಕ್ಕೆ ಬರೋಕೆ ನಲವತ್ತೆರಡು ವರ್ಷ ಹಿಡಿಯಿತು.

2021ರ ಜುಲೈನಿಂದ ಆಟಗಾರರು ಜಾಹೀರಾತಿನಂಥ ಕಡೆ ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು ಅಂತಾಯಿತು. ಅಲ್ಲಿಂದ ಆಟದ ಲೆಕ್ಕಾಚಾರವೇ ಬದಲು. 2024ರಲ್ಲಿ ಪಿಚರ್ ನಿಜರಿ ಕ್ಯಾನಡಿ ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಸ್ ಟೆಕ್‌ಗೆ ಹೋದದ್ದು ಸುಮಾರು 10 ಲಕ್ಷ ಡಾಲರ್ ಒಪ್ಪಂದದ ಮೇಲೆ. ಮರುವರ್ಷವೇ ಆ ಕಾಲೇಜು ಮೊದಲ ಸಲ ಫೈನಲ್‌ಗೆ ಬಂದು ಟೆಕ್ಸಸ್ ವಿಶ್ವವಿದ್ಯಾಲಯದ ಎದುರು ಸೋತಿತು. ಆ ಫೈನಲ್‌ನಲ್ಲಿ ಎರಡೂ ತಂಡಗಳ ಹೆಡ್ ಕೋಚ್‌ಗಳು ಗಂಡಸರು. ಇಬ್ಬರೂ ಒಳ್ಳೆಯ ಕೋಚ್‌ಗಳೇ, ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಮಹಿಳೆಯರು ಮೂಲೆಗುಂಪಾಗಿದ್ದಾರೆ ಅಂತಲೂ ಅಲ್ಲ. ಓಕ್ಲಹೋಮದ ಪ್ಯಾಟಿ ಗ್ಯಾಸೊ 2021ರಿಂದ 2024ರವರೆಗೆ ಸತತ ನಾಲ್ಕು ಸಲ, ಒಟ್ಟು 8 ಸಲ ಗೆದ್ದಿದ್ದಾರೆ. ಸಾಫ್ಟ್‌ಬಾಲ್ ಈ ವಿಷಯದಲ್ಲಿ ಬೇರೆ ಹಲವು ಆಟಗಳಿಗಿಂತ ವಾಸಿ. ನನ್ನ ಚಿಂತೆ ಮುಂದಿನ ಸಾಲಿನ ಬಗ್ಗೆ. ದುಡ್ಡು ಹೆಚ್ಚಿದಾಗ ಏನಾಯಿತು ಅಂತ ಎಂಬತ್ತರ ದಶಕದಲ್ಲಿ ಒಂದು ಸಲ ನೋಡಿ ಆಗಿದೆಯಲ್ಲ.

ಮಿಷಿಗನ್ ಇಲ್ಲಿ ಒಂದು ದಾರಿ ತೋರಿತು. ಹಚಿನ್ಸ್ ಜಾಗಕ್ಕೆ ಬಂದ ಬಾನಿ ಥಾಲ್, ಹಚಿನ್ಸ್ ಕೈಕೆಳಗೇ ಆಡಿದವರು, ಆಮೇಲೆ ದಶಕಗಟ್ಟಲೆ ಅವರ ಅಸಿಸ್ಟೆಂಟ್ ಆಗಿದ್ದವರು. 2024ರಲ್ಲಿ ತಂಡ ಬಿಗ್ ಟೆನ್ ಟೂರ್ನಿ ಗೆದ್ದಿತು. ಕೆಲಸ ಕಲಿಸಿ, ಕೆಲಸ ಒಪ್ಪಿಸಿ ಹೋಗುವ ಈ ಕ್ರಮ ಯಾವ ದಾಖಲೆ ಪುಸ್ತಕದಲ್ಲೂ ಗೆಲುವು ಅಂತ ಬರೋದಿಲ್ಲ.

ಇನ್ನು ಕೋರ್ಟ್ ವಿಷಯ. 2025ರ ಜೂನ್ 6ರಂದು ಆಟಗಾರರು ಮತ್ತು ಎನ್‌ಸಿಎಎ ನಡುವೆ ಆಗಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿದ ರಾಜಿಯ ಪ್ರಕಾರ ಒಂದೊಂದು ವಿಶ್ವವಿದ್ಯಾಲಯವೂ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದು. ಯಾವ ಆಟಕ್ಕೆ ಎಷ್ಟು ಅನ್ನೋದು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಹಿಂದಿನ ಆಟಗಾರರಿಗೆ ಕೊಡುವ ಸುಮಾರು 280 ಕೋಟಿ ಡಾಲರ್ ಪರಿಹಾರದಲ್ಲಿ ದೊಡ್ಡ ಪಾಲು ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬಾಸ್ಕೆಟ್‌ಬಾಲ್‌ಗೆ. ಆ ದುಡ್ಡು ತಂದದ್ದು ಆ ಆಟಗಳೇ ಅನ್ನೋದು ಒಂದು ವಾದ. ಅವಕ್ಕೆ ನೂರು ವರ್ಷ ಸುರಿದ ಬಂಡವಾಳದ ಒಂದು ಚೂರೂ ಹೆಣ್ಣುಮಕ್ಕಳ ಆಟಕ್ಕೆ ಸಿಕ್ಕಿರಲಿಲ್ಲ ಅನ್ನೋದು ಇನ್ನೊಂದು. ಒಪ್ಪಿಗೆ ಸಿಕ್ಕ ಕೆಲವೇ ದಿನಕ್ಕೆ ಎಂಟು ಮಂದಿ ಆಟಗಾರ್ತಿಯರು, ಪರಿಹಾರದ ಈ ಹಂಚಿಕೆ ಟೈಟಲ್ ನೈನ್‌ಗೆ ವಿರುದ್ಧ ಅಂತ ಮೇಲ್ಮನವಿ ಹಾಕಿದರು. ಮುಂದೆ ಪ್ರತಿ ವರ್ಷ ಹಂಚುವ ದುಡ್ಡಿಗೂ ಆ ಕಾಯ್ದೆ ಅನ್ವಯಿಸುತ್ತದೆಯೇ ಅನ್ನೋದು ಬೇರೆಯದೇ ಪ್ರಶ್ನೆ. ಅದಕ್ಕೂ ಯಾರಾದರೂ ಹೆಸರು ಕೊಟ್ಟು ಕೋರ್ಟಿಗೆ ಹೋಗಲೇಬೇಕಾಗುತ್ತದೆ.